ಕೇಳುವವರ ತಪ್ಪು

ಕುರ್ಚಿಗಳನ್ನು ದುಂಡಗೆ ಜೋಡಿಸುವ ಕೆಲಸವನ್ನು ಅವಳು ಇಷ್ಟು ವರ್ಷಗಳಲ್ಲಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಗೋಡೆಗೆ ಒತ್ತಿ ಪೇರಿಸಿಟ್ಟವನ್ನು ಒಂದೊಂದಾಗಿ ಇಳಿಸಿ, ಯಾರ ಬೆನ್ನೂ ಯಾರಿಗೂ ಕಾಣದ ಹಾಗೆ, ಯಾರ ಮುಖಕ್ಕೂ ಯಾರೂ ಅಡ್ಡ ಬಾರದ ಹಾಗೆ ಇಡಬೇಕು. ಕೈಗೆ ಅಭ್ಯಾಸವಾಗಿ ಹೋದ ಕೆಲಸ. ಇವತ್ತು ಮಾತ್ರ ದುಂಡು ಸರಿಬರುತ್ತಿರಲಿಲ್ಲ. ಮಾತಾಡುವವರ ಕುರ್ಚಿಯನ್ನು ಮೊದಲು ಬಾಗಿಲ ಹತ್ತಿರ ಇಟ್ಟಳು, ನಡುವೆ ಎದ್ದು ಹೋಗಬೇಕೆನಿಸಿದರೆ ಹೋಗಲಿ ಎಂದು. ದೂರ ನಿಂತು ನೋಡಿದರೆ ಅದು ತಪ್ಪಿತಸ್ಥನನ್ನು ಕೂರಿಸುವ ಜಾಗದ ಹಾಗೆ ಕಂಡಿತು. ಕಿಟಕಿಯ ಕಡೆ ತಳ್ಳಿದಳು. ಅಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಪರದೆ ಎಳೆದರೆ ಕೋಣೆ ಯಾರೋ ಮಲಗಿರುವ ಮನೆಯ ಹಾಗಾಗುತ್ತಿತ್ತು. ಕೊನೆಗೆ ಎರಡರ ನಡುವೆ ಎಲ್ಲೋ ಬಿಟ್ಟು, ಸೆರಗಿನಿಂದ ಅದರ ಕೈಗಳನ್ನು ಒರೆಸುತ್ತ ನಿಂತಳು. ಪ್ರಶ್ನೆ ಇರುವುದಿಲ್ಲ ಎಂದು ಅವಳು ಮಾತು ಕೊಟ್ಟಿದ್ದಳು. ಮಾತಾಡಬೇಕಾದವರಿಗಲ್ಲ, ಅವರ ಹೆಂಡತಿಗೆ.

ಬಾಹ್ಯಾಕಾಶ ಸಂಸ್ಥೆಯಲ್ಲಿ ಅವಳ ವಿಭಾಗಕ್ಕೆ ಇದ್ದದ್ದು ಒಂದು ಉದ್ದನೆಯ ಹೆಸರು, ಈ ಒಂದು ಕೋಣೆ ಮತ್ತು ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ಯೋಜನೆ ಮುಗಿಸಿದವರನ್ನು, ಅದರಲ್ಲೂ ಕೆಡಿಸಿಕೊಂಡವರನ್ನು ಕರೆದು ಕೂರಿಸಿ, ಏನಾಯಿತು ಎಂದು ಅವರ ಬಾಯಿಂದಲೇ ಉಳಿದವರಿಗೆ ಹೇಳಿಸುವುದು ಕೆಲಸ. ಉದ್ದನೆಯ ಹೆಸರು ಯಾರ ನಾಲಿಗೆಗೂ ಒಗ್ಗದೆ ಅವಳು ಎಲ್ಲರಿಗೂ ಪಾಠದಕ್ಕ ಆಗಿದ್ದಳು. ಮನೆಯಲ್ಲಿ ಅತ್ತೆಗೆ ಈ ಕೆಲಸ ಇವತ್ತಿಗೂ ತಮಾಷೆ. “ಬೇರೆಯವರ ತಪ್ಪು ಕೇಳೋದಕ್ಕೂ ಸಂಬಳ ಕೊಡ್ತಾರೇನಮ್ಮ? ನಾವು ಅದನ್ನ ನಲ್ಲಿ ಹತ್ರ ನಿಂತು ಬಿಟ್ಟಿಯಾಗಿ ಮಾಡ್ತಿದ್ವಿ” ಎನ್ನುತ್ತಿದ್ದರು. ಅವಳು ನಗುತ್ತಿದ್ದಳು. ನಲ್ಲಿಯ ಹತ್ತಿರ ಇಲ್ಲದ ಒಂದು ನಿಯಮ ತನ್ನ ಕೋಣೆಯಲ್ಲಿ ಇದೆ ಎಂಬ ಹೆಮ್ಮೆ ಆ ನಗುವಿನ ಹಿಂದೆ ಇರುತ್ತಿತ್ತು. ಅದು ಅವಳೇ ತಂದ ನಿಯಮ. ಇಲ್ಲಿ ಪ್ರಶ್ನೆ ಕೇಳುವವರು ಮೊದಲು ತಮ್ಮದೊಂದು ತಪ್ಪು ಹೇಳಿ ಆಮೇಲೆ ಕೇಳಬೇಕು. ಮೊದಮೊದಲು ಜನ ತಡವರಿಸುತ್ತಿದ್ದರು, ಬೆವರುತ್ತಿದ್ದರು, ಒಬ್ಬರಂತೂ ತಪ್ಪು ಹೇಳಿ ಮುಗಿಸುವಷ್ಟರಲ್ಲಿ ಪ್ರಶ್ನೆಯನ್ನೇ ಮರೆತು ಕುಳಿತಿದ್ದರು. ಬರಬರುತ್ತ ಎಲ್ಲರೂ ಜೇಬಿನಲ್ಲಿ ಒಂದು ಚಿಲ್ಲರೆ ತಪ್ಪು ಇಟ್ಟುಕೊಂಡು ಬರತೊಡಗಿದರು. ಯಾರಿಗೋ ಹೋಗಬೇಕಾದ ಪತ್ರ ಇನ್ಯಾರಿಗೋ ಹೋಯಿತು, ಮೀಸೆಯಲ್ಲಿ ಅನ್ನದಗುಳು ಇಟ್ಟುಕೊಂಡು ಸಭೆ ನಡೆಸಿದೆ, ಇಂಥವು. ನಿರ್ದೇಶಕರದು ಪ್ರತಿಸಲವೂ ಒಂದೇ, ಹೆಂಡತಿಯ ಹುಟ್ಟಿದ ದಿನ ಮರೆತದ್ದು. ಅವರು ಬಾಯಿ ತೆರೆಯುವ ಮೊದಲೇ ಜನ ನಗುತ್ತಿದ್ದರು. ಆ ನಗು ಇಳಿಯುವಷ್ಟರಲ್ಲಿ ಅವರ ಪ್ರಶ್ನೆ ಎದುರಿಗಿದ್ದವರ ಎಲುಬಿನವರೆಗೆ ಇಳಿದಿರುತ್ತಿತ್ತು. ಪಾಠದಕ್ಕ ಕೂಟ ನಡೆಸುವವಳು, ಪ್ರಶ್ನೆ ಕೇಳುವವಳಲ್ಲ. ಹಾಗಾಗಿ ಇಷ್ಟು ವರ್ಷಗಳಲ್ಲಿ ಈ ಕೋಣೆಯಲ್ಲಿ ತನ್ನ ತಪ್ಪು ಹೇಳದೆ ಉಳಿದವಳು ಅವಳೊಬ್ಬಳೇ. ಇದು ಅವಳಿಗೆ ಹೊಳೆದದ್ದು ಈಗ, ಕುರ್ಚಿ ಒರೆಸುವಾಗ. ಹೊಳೆದ ತಕ್ಷಣ ಇನ್ನೊಂದು ಕುರ್ಚಿ ಒರೆಸಲು ಹೋದಳು.

ಇವತ್ತು ಮಾತಾಡಬೇಕಾದವರು ಸೋತುಹೋದ ಸಣ್ಣ ಉಪಗ್ರಹದ ಮ್ಯಾನೇಜರು. ಲೋಟ ಕೆಳಗಿಡುವಾಗಲೂ ಜಾಗ ನೋಡಿ ಸದ್ದಿಲ್ಲದೆ ಇಡುವ ಮನುಷ್ಯ. ಕಿರಿಯರು ಅವರಿಗೆ ನಿಧಾನ ಸಾರ್ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಕರೆದರೆ ಓಗೊಡುತ್ತಿದ್ದರು. ಅವರ ಉಪಗ್ರಹಕ್ಕೆ ಬಿಸಿಲು ಹೀರುವ ಎರಡು ರೆಕ್ಕೆ. ನೆಲದ ಮೇಲೆ ಅವನ್ನು ಬಿಚ್ಚಿ ನೋಡುವಾಗ ತಮ್ಮ ಭಾರಕ್ಕೆ ತಾವೇ ಜೋಲುತ್ತವೆ ಎಂದು ಮೇಲಿನ ಚೌಕಟ್ಟಿನಿಂದ ಎಳೆಗಳಲ್ಲಿ ತೂಗುಹಾಕಿ ಪರೀಕ್ಷಿಸುತ್ತಾರೆ. ಆ ಚೌಕಟ್ಟು ಕೂದಲೆಳೆಯಷ್ಟು ಓರೆಯಾಗಿತ್ತು. ಪ್ರತಿ ಪರೀಕ್ಷೆಯಲ್ಲೂ ರೆಕ್ಕೆಗಳಿಗೆ ಬಿಚ್ಚಿಕೊಳ್ಳುವ ಕಡೆಗೆ ಒಂದು ಸಣ್ಣ ನೂಕು ಕೊಡುತ್ತಿತ್ತು. ಪ್ರತಿ ಪರೀಕ್ಷೆಯಲ್ಲೂ ರೆಕ್ಕೆಗಳು ಬಿಚ್ಚಿಕೊಂಡವು, ಪ್ರತಿ ಸಲವೂ ಜನ ಚಪ್ಪಾಳೆ ತಟ್ಟಿದರು. ಮೇಲೆ ಹೋದಾಗ ನೂಕಲು ಯಾರೂ ಇರಲಿಲ್ಲ. ಒಂದು ರೆಕ್ಕೆ ಅರ್ಧಕ್ಕೆ ನಿಂತಿತು, ಇನ್ನೊಂದು ಅಲುಗಲಿಲ್ಲ. ಸಂಜೆಯ ಹೊತ್ತಿಗೆ ಉಪಗ್ರಹದ ದನಿ ಸಣ್ಣಗಾಗಿ ನಿಂತುಹೋಯಿತು. ಇದನ್ನು ಅವರಿಂದ ಹೇಳಿಸಬೇಕೆಂದು ಅವಳು ಕೇಳಿದಾಗಲೆಲ್ಲ ಅವರು ತಲೆ ತಗ್ಗಿಸಿ, ಬೇಡ ಅಕ್ಕ, ಎಂದು ಹೋಗಿಬಿಡುತ್ತಿದ್ದರು. ಹೀಗೆ ಹೋದವರನ್ನು ಮನೆಯಲ್ಲಿ ಹಿಡಿಯಬೇಕು ಎಂಬುದು ಅವಳ ಅನುಭವ. ಹಿಡಿಯಬೇಕು, ಹೌದು, ಆವತ್ತು ಅವರ ಮನೆಯ ಕರೆಗಂಟೆ ಒತ್ತುವಾಗ ಅವಳ ಮನಸ್ಸಿನಲ್ಲಿ ಇದ್ದದ್ದು ಇದೇ ಮಾತು.

ಹೆಂಡತಿ ಒಳ್ಳೆಯ ಮಾತುಗಾರ್ತಿ. ಗಂಡನ ಎದುರು ಹವೆ, ಬಾಡಿಗೆ, ಮಗಳ ಶಾಲೆ. ಲೋಟ ತೊಳೆಯುವ ನೆಪದಲ್ಲಿ ಅವಳನ್ನು ಅಡುಗೆಮನೆಗೆ ಕರೆದು ನಲ್ಲಿ ಜೋರಾಗಿ ಬಿಟ್ಟು, ಆ ಸದ್ದಿನ ಮರೆಯಲ್ಲಿ ಮಾತಾಡಿದರು. “ಹೇಳಲಿ ಅಕ್ಕಾ, ಹೇಳಿಕೊಂಡ್ರೆ ಹಗುರ ಆಗುತ್ತೆ ಅಂತ ನನಗೂ ಅನ್ಸುತ್ತೆ. ಆದ್ರೆ ಯಾರೂ ಏನೂ ಕೇಳಬಾರದು. ಆ ವಿಚಾರಣೆಯವರು ಕೇಳಿ ಕೇಳಿ ಇವರು ಹೇಗಾಗಿದ್ದಾರೆ ಅಂದ್ರೆ, ಇನ್ನೊಂಚೂರು ಉಪ್ಪು ಹಾಕ್ಲಾ ಅಂದ್ರೂ ಬೆಚ್ಚಿಬೀಳ್ತಾರೆ.” ಆಮೇಲೆ, ಬೇಡವೆಂದುಕೊಂಡೇ ಬಾಯಿಬಿಟ್ಟವರ ಹಾಗೆ, ಉಪಗ್ರಹದ ದನಿ ನಿಂತ ಆ ಸಂಜೆಯದನ್ನೂ ಹೇಳಿದರು. ಮಗಳು ರಟ್ಟಿನಲ್ಲಿ ಒಂದು ಉಪಗ್ರಹ ಮಾಡಿ ಹೊರಬಾಗಿಲಿನ ಹೊರಮೈಗೆ ತೂಗುಹಾಕಿದ್ದಳಂತೆ. ಬಾಗಿಲು ತೆಗೆದರೆ ದಾರ ಎಳೆದು ರೆಕ್ಕೆ ಬಿಚ್ಚಿಕೊಳ್ಳುವ ಹಾಗೆ, ಅಪ್ಪ ಬಂದಾಗ ತೋರಿಸಲು. ಅಪ್ಪ ಬಂದರು. ಬಾಗಿಲವರೆಗೆ ಬಂದವರು ಅದನ್ನು ನೋಡಿ, ಮೆಟ್ಟಿಲಿಗೆ ವಾಪಸು ಹೋಗಿ ಶೂ ಬಿಚ್ಚಿ ಪಕ್ಕಕ್ಕಿಟ್ಟುಕೊಂಡು ಕುಳಿತುಬಿಟ್ಟಿದ್ದರಂತೆ. ಎಷ್ಟು ಹೊತ್ತಾದರೂ ಬಾರದಿದ್ದಾಗ ಹೆಂಡತಿ ಹುಡುಕಿಕೊಂಡು ಹೋಗಿ, ನೋಡಿ, ಏನೂ ಕೇಳದೆ ಒಳಗೆ ಬಂದು ರಟ್ಟಿನದನ್ನು ಬಿಚ್ಚಿ ಬೀರುವಿನ ಮೇಲಿಟ್ಟು ಬಾಗಿಲು ಪೂರ್ತಿ ತೆರೆದಿಟ್ಟರಂತೆ. “ನಾನು ಹೇಳಿದ್ದು ಅವರಿಗೆ ಗೊತ್ತಾಗ್ಬಾರದು ಅಕ್ಕಾ” ಎಂದು ಒದ್ದೆ ಕೈಯಲ್ಲೇ ಅವಳ ಕೈ ಹಿಡಿದರು. ಅವಳ ಕಣ್ಣಲ್ಲಿ ನಿಜಕ್ಕೂ ನೀರು ಬಂದಿತ್ತು. ಯಾರೂ ಏನೂ ಕೇಳುವುದಿಲ್ಲ, ಅದು ನನ್ನ ಜವಾಬ್ದಾರಿ, ಎಂದು ಆ ಕೈಯನ್ನು ತಟ್ಟಿ ಹೇಳಿದ್ದಳು. ಮೆಟ್ಟಿಲಿಳಿದು ಬರುವಾಗ, ಅವರು ಕುಳಿತದ್ದು ಯಾವ ಮೆಟ್ಟಿಲಿರಬಹುದು ಎಂದು ನೋಡುತ್ತ ಬಂದಿದ್ದಳು.

ನಿರ್ದೇಶಕರು ಕಾರಿಡಾರಿನಲ್ಲಿ ಲಿಫ್ಟಿನ ಮುಂದೆ ಸಿಕ್ಕಿದ್ದು ಕುರ್ಚಿ ಜೋಡಿಸಿ ಕೈ ತೊಳೆಯಲು ಹೊರಟಾಗ. ಕೇಂದ್ರ ಕಚೇರಿಯಿಂದ ಅತಿಥಿಗಳು ಬರುತ್ತಿದ್ದಾರೆ, ಕೂಟ ಕಳೆಗಟ್ಟಬೇಕು, ಎಂದರು. ಹೋದ ಸಲ ಯಾರೂ ತುಟಿ ಬಿಚ್ಚದೆ ಶೋಕಸಭೆ ಆದ ಹಾಗಿತ್ತು, ಈ ಸಲ ಪ್ರಶ್ನೆಗಳಿಗೆ ಧಾರಾಳ ಸಮಯ ಇಡಿ, ಮೊದಲನೆಯದು ತಾವೇ ಕೇಳುವುದಾಗಿ ಹೇಳಿದರು. ಕೆಟ್ಟ ಮನುಷ್ಯರಲ್ಲ. ಅವಳ ಮಂಡಿನೋವಿನ ನೆನಪಿಟ್ಟುಕೊಂಡು, ಅವಳು ಸಿಕ್ಕಾಗಲೆಲ್ಲ ಮೆಟ್ಟಿಲು ಬಿಟ್ಟು ಲಿಫ್ಟಿನ ಕಡೆ ತಿರುಗುವವರು. ಆಗ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಸಾರ್, ಇವತ್ತೊಂದು ದಿನ ಪ್ರಶ್ನೆ ಬೇಡ, ಅವರ ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಅವರು ಹುಬ್ಬು ಗಂಟಿಕ್ಕುತ್ತಿದ್ದರು, ಒಪ್ಪುತ್ತಿದ್ದರು. ಆದರೆ ಮನೆಯವರಿಗೆ ಮಾತು ಕೊಡಲು ನೀವು ಯಾರು ಎಂದು ಅವರು ಕೇಳದೆಯೇ ಅವಳಿಗೆ ಕೇಳಿಸಿತು. ಶೋಕಸಭೆ ಎಂಬ ಮಾತು ಆಗಲೇ ಕಿವಿಯಲ್ಲಿ ಚುಚ್ಚಿಕೊಂಡಿತ್ತು. “ಆಗಲಿ ಸಾರ್” ಎಂದಳು. ತನ್ನ ದನಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಒಂದು ಕ್ಷಣ ಮುಖ ಸಣ್ಣದಾಯಿತು. ಲಿಫ್ಟಿನ ಕನ್ನಡಿಯಲ್ಲಿ ನೋಡಿದರೆ ಮುಖ ಎಂದಿನಷ್ಟೇ ಇತ್ತು.

ಕೈತೊಳೆಯುವ ಜಾಗದಲ್ಲಿ ನಿಧಾನ ಸಾರ್ ನಿಂತಿದ್ದರು. ಕನ್ನಡಕ ತೊಳೆದು ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು, ಮತ್ತೆ ತೊಳೆಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ. ಮಡಿಕೆಯ ಗೆರೆ ತೋಳಿನ ಮೇಲೆ ಚೂಪಾಗಿತ್ತು. ಇದನ್ನು ಬೆಳಿಗ್ಗೆ ಎದ್ದು ಆಕೆ ಮಾಡಿಕೊಟ್ಟಿರುತ್ತಾರೆ ಎಂದು ಅವಳಿಗನಿಸಿತು. ಹೇಳಿಬಿಡಬೇಕು, ಈಗಲೇ, ನಿರ್ದೇಶಕರು ಹೀಗೆ ಹೇಳಿದರು, ಬೇಡವಾದರೆ ನೀವು ಬರಬೇಡಿ ಎಂದು. ಅವರು ಕನ್ನಡಕವಿಲ್ಲದ ಕಣ್ಣುಗಳಿಂದ ಅವಳತ್ತ ತಿರುಗಿ, “ಆಮೇಲೆ ಪ್ರಶ್ನೆ ಇರಲ್ಲ ತಾನೇ ಅಕ್ಕ?” ಎಂದರು. ಕನ್ನಡಕವಿಲ್ಲದೆ ಅವರಿಗೆ ತನ್ನ ಮುಖ ಸರಿಯಾಗಿ ಕಾಣುತ್ತಿಲ್ಲ ಎಂಬುದು ಅವಳಿಗೆ ಧೈರ್ಯ ಕೊಟ್ಟಿತು.

“ನಾನಿದ್ದೀನಲ್ಲ” ಎಂದಳು.

ಸುಳ್ಳು ಹೇಳಿದಂತಾಗಲಿಲ್ಲ. ನಿಜ ಹೇಳಿದಂತೆಯೂ ಆಗಲಿಲ್ಲ. ಇಂಥ ಮಾತುಗಳು ತನ್ನಲ್ಲಿ ಎಷ್ಟಿವೆ ಎಂದು ಯೋಚಿಸುತ್ತ ಅವಳು ಅವರ ಹಿಂದೆ ಕೋಣೆಗೆ ಹೋದಳು. ಕುರ್ಚಿಗಳು ತುಂಬುತ್ತಿದ್ದವು. ಕ್ಯಾಂಟೀನಿನಾಕೆ ತಟ್ಟೆಯಲ್ಲಿ ಚಹಾ ತಂದವಳು, ಮಾತಾಡುವವರ ಕುರ್ಚಿಯ ಪಕ್ಕದ ಲೋಟದ ಮೇಲೆ ಮಾತ್ರ ಬಸಿ ಮುಚ್ಚಿಟ್ಟು ಹೋದಳು, ಮುಗಿಯುವವರೆಗೆ ಬಿಸಿ ಇರಲಿ ಎಂದು. ಅದನ್ನು ಯಾರೂ ಗಮನಿಸಲಿಲ್ಲ. ಅವರು ಗಮನಿಸಿದರು. ಬಸಿಯನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿ ಆಮೇಲೆ ಮಾತು ಶುರು ಮಾಡಿದರು.

ಚೆನ್ನಾಗಿ ಮಾತಾಡಿದರು. ಪರದೆಯ ಮೇಲೆ ಚಿತ್ರ ತೋರಿಸಲಿಲ್ಲ. ಎರಡು ಅಂಗೈಗಳನ್ನು ಎದೆಯ ಮುಂದೆ ಜೋಡಿಸಿ ಇದು ಮುಚ್ಚಿದ ರೆಕ್ಕೆ, ನಿಧಾನಕ್ಕೆ ಬಿಡಿಸಿ ಇದು ಬಿಚ್ಚಿದ್ದು, ಎಂದರು. ತೂಗುಹಾಕಿದ ಚೌಕಟ್ಟನ್ನು ನಾವು ಸಲಕರಣೆ ಎಂದುಕೊಂಡೆವು, ಅದೂ ಪರೀಕ್ಷೆಯ ಒಳಗೇ ಇದೆ ಎಂದುಕೊಳ್ಳಲಿಲ್ಲ, ಎಂದರು. ತಂಡ ಚೆನ್ನಾಗಿ ಹೊಂದಿಕೊಂಡಿತ್ತು, ಚಪ್ಪಾಳೆ ತಟ್ಟುವ ತಂಡ, ಮ್ಯಾನೇಜರಾಗಿ ನಾನು ಆ ಚಪ್ಪಾಳೆಯನ್ನು ಉತ್ತರ ಅಂದುಕೊಂಡೆ, ಎಂದರು. ಯಾರನ್ನೂ ದೂರಲಿಲ್ಲ. ಕಿರಿಯರು ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಒಬ್ಬಳು ಹುಡುಗಿ, ಅವರದೇ ತಂಡದಲ್ಲಿದ್ದವಳು, ತನ್ನ ಅಂಗೈಗಳನ್ನೂ ತೊಡೆಯ ಮೇಲೆ ಹಾಗೇ ಜೋಡಿಸಿಕೊಂಡಿದ್ದಳು. ಪಾಠದಕ್ಕನಿಗೆ ಎದೆ ತುಂಬಿ ಬಂತು. ಅದರ ಜೊತೆಗೇ, ಅಳಿಸಿದರೂ ಹೋಗದ ಒಂದು ಅಸಮಾಧಾನ. ಇಷ್ಟು ವರ್ಷ ಕೇಳಿ ಕೇಳಿ ಅವಳ ಕಿವಿಗೆ ಒಂದು ರುಚಿ ಹತ್ತಿಹೋಗಿತ್ತು. ಎಲ್ಲ ಸರಿಯಾಗಿದೆ, ಒಳಗಿನದು ಇನ್ನೂ ಬಂದಿಲ್ಲ, ಎಂದು ಆ ಕಿವಿ ಹೇಳುತ್ತಿತ್ತು. ಬರಬೇಕಾದದ್ದು ಏನೆಂಬುದು ಅವಳಿಗೆ ಗೊತ್ತಿತ್ತಲ್ಲ. ಅವಳು ಅದನ್ನು ಮನಸ್ಸಿನಲ್ಲೇ ಬದಿಗೆ ಸರಿಸಿದಳು, ಮೇಜಿನ ಮೇಲಿನ ಲೋಟವನ್ನು ಮಗುವಿನ ಕೈಗೆ ಸಿಗದ ಹಾಗೆ ಸರಿಸುವಂತೆ.

ಅವರು ಮುಗಿಸಿ ಬಸಿ ತೆಗೆದು ಚಹಾ ಕೈಗೆತ್ತಿಕೊಂಡರು. ಇದೇ ಹೊತ್ತು. ಎದ್ದು, ಧನ್ಯವಾದ, ಎಲ್ಲರೂ ಏಳೋಣ, ಎಂದರೆ ಮುಗಿಯಿತು. ಅವಳು ಏಳಲೆಂದು ಕುರ್ಚಿಯ ಕೈ ಹಿಡಿದಳು. ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ನನ್ನ ತಪ್ಪು ನಿಮಗೆಲ್ಲ ಗೊತ್ತೇ ಇದೆ” ಎನ್ನುವಷ್ಟರಲ್ಲಿ ನಗು ಎದ್ದಿತು. ಅತಿಥಿಗಳಿಗೆ ಪಕ್ಕದವರು ಹೆಂಡತಿಯ ಹುಟ್ಟಿದ ದಿನದ ಕಥೆ ಪಿಸುಗುಟ್ಟಿದಾಗ ಅವರೂ ನಕ್ಕರು. ನಿಧಾನ ಸಾರ್ ಲೋಟವನ್ನು ತುಟಿಯವರೆಗೆ ತಂದವರು ಹಾಗೇ ಕೆಳಗಿಳಿಸಿ, ಜಾಗ ನೋಡಿ, ಇಟ್ಟರು. ಅವಳ ಕಡೆ ನೋಡಿದರು. ಸಿಟ್ಟಿನಿಂದ ಅಲ್ಲ, ಗುಂಪಿನಲ್ಲಿ ಜೊತೆಯವರು ಎಲ್ಲಿದ್ದಾರೆ ಎಂದು ಹುಡುಕುವವರ ಹಾಗೆ. ಆ ಚೌಕಟ್ಟು ನೂಕುತ್ತಿದೆ ಅಂತ ನಿಮಗೆ ಒಮ್ಮೆಯಾದರೂ ಅನುಮಾನ ಬರಲಿಲ್ಲವೇ, ಬಂದೂ ಸುಮ್ಮನಿದ್ದಿರಾ. ಬರುವ ಪ್ರಶ್ನೆ ಇದೇ ಎಂದು ಅವಳಿಗೆ ಗೊತ್ತಿತ್ತು. ಬಂದಿತ್ತು ಎಂದರೂ ಸಾವು, ಬರಲಿಲ್ಲ ಎಂದರೂ ಸಾವು. ಅವಳ ಕೈ ತಾನಾಗಿ ಮೇಲೆದ್ದಿತು. “ಸಾರ್, ಮೊದಲು ನನಗೊಂದು ಅವಕಾಶ ಕೊಡಿ. ನಾನೊಂದು ಕೇಳ್ಬೇಕು.”

ಪಾಠದಕ್ಕ ಪ್ರಶ್ನೆ ಕೇಳುವುದೆಂದರೆ ಗೋಡೆ ಮಾತಾಡಿದ ಹಾಗೆ. ನಿರ್ದೇಶಕರು ನಗುತ್ತ, ಹಾಗಾದರೆ ನಿಯಮ ನಿಯಮವೇ ಅಕ್ಕ, ಮೊದಲು ತಪ್ಪು, ಎಂದರು. ಎಲ್ಲರೂ ಅವಳ ಕಡೆ ತಿರುಗಿದರು. ಹೇಳಬೇಕಾದ ತಪ್ಪು ನಾಲಿಗೆಯ ತುದಿಯಲ್ಲೇ ಇತ್ತು, ಬಿಸಿಯಾಗಿ, ಈ ಬೆಳಿಗ್ಗೆಯದು. ಇವರ ಮನೆಯವರಿಗೆ ಒಂದು ಮಾತು ಕೊಟ್ಟಿದ್ದೆ, ಅದನ್ನು ಲಿಫ್ಟಿನ ಮುಂದೆ ಬಿಟ್ಟುಕೊಟ್ಟೆ. ಅಷ್ಟು ಹೇಳಿದ್ದರೆ ಪ್ರಶ್ನೆಯೇ ಬೇಕಿರಲಿಲ್ಲ, ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಬಾಯಿ ತೆರೆದಳು. ಹೊರಗೆ ಬಂದದ್ದು ಇನ್ನೊಂದು. ಒಮ್ಮೆ ಎರಡು ಬೇರೆ ಬೇರೆ ಚಪ್ಪಲಿ ಮೆಟ್ಟಿಕೊಂಡು ಬಂದು ಇಡೀ ದಿನ ಗಮನಿಸದೆ, ಸಂಜೆ ಅತ್ತೆ ಬಾಗಿಲಲ್ಲೇ ತಡೆದು, ಯಾರ ಜೊತೆ ಅದಲುಬದಲು ಮಾಡಿಕೊಂಡೆ, ಎಂದು ಕೇಳಿದ್ದು. ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಿಧಾನ ಸಾರ್ ಕೂಡ ನಕ್ಕರು, ಹೆಗಲು ಸ್ವಲ್ಪ ಸಡಿಲವಾಯಿತು. ಆ ನಗು ಅವಳಿಗೆ ಹಿತವಾಗಿತ್ತು. ಹಿತವಾಗಿದ್ದಾಗಲೇ ಈಗ ಒಂದು ಪ್ರಶ್ನೆ ಬೇಕು ಎಂಬುದು ನೆನಪಾಯಿತು. ಮೆತ್ತನೆಯದು. ನೋಯಿಸದಂಥದು. ಲೆಕ್ಕ, ಚೌಕಟ್ಟು, ತಂಡ ಯಾವುದೂ ಇರದಂಥದು. ತನ್ನ ದನಿ ತಾಯಿಯ ದನಿಯಷ್ಟು ಮೃದುವಾಗಿ ಕೋಣೆಯ ನಡುವೆ ಬಂದು ನಿಂತದ್ದು ಅವಳಿಗೆ ಕೇಳಿಸಿತು.

“ಆವತ್ತು ಸಂಜೆ ಮನೆಗೆ ಹೋದ್ರಲ್ಲ, ಬಾಗಿಲ ಹತ್ರ ಹೋದಾಗ ನಿಮಗೆ ಹೇಗನ್ನಿಸ್ತು?”

ಬಾಗಿಲು. ಆ ಪದ ಬೀಳುವಾಗಲೇ ಅವಳಿಗೆ ಗೊತ್ತಾಯಿತು. ಮೈ ಹಿಡಿಯಷ್ಟಾಯಿತು. ಅವರು ಅವಳನ್ನು ನೋಡುತ್ತ ಕುಳಿತರು. ಎಲ್ಲದರಲ್ಲೂ ನಿಧಾನವಾದ ಆ ಮನುಷ್ಯನಿಗೆ ಇದೂ ನಿಧಾನವಾಗಿಯೇ ಹತ್ತಿತು. ಮೊದಲು ಪ್ರಶ್ನೆ, ಆಮೇಲೆ ಬಾಗಿಲು, ಆಮೇಲೆ ಅದನ್ನು ಇವಳಿಗೆ ಹೇಳಿರಬಹುದಾದವರು ಯಾರು ಎಂಬುದು. ಒಂದೊಂದೂ ಅವರ ಮುಖದ ಮೇಲೆ ಬಂದು ಹೋದದ್ದನ್ನು ಅವಳು ನೋಡಿದಳು. ನೋಡದೆ ಇರಬಹುದಿತ್ತು, ನೆಲ ನೋಡಬಹುದಿತ್ತು, ಆದರೆ ನೋಡಿದಳು. ಈಗ ಬರುತ್ತದೆ, ಎಂದು ಅವಳ ಕಿವಿ ಮುಂದಕ್ಕೆ ಬಾಗಿತ್ತು.

“ಮನೆಗೆ ಹೋಗ್ಲಿಲ್ಲ” ಎಂದರು ಅವರು. “ಮೆಟ್ಟಿಲ ಮೇಲೆ ಕೂತಿದ್ದೆ.” ಆಮೇಲೆ ಮಗಳ ರಟ್ಟಿನ ಉಪಗ್ರಹದ ಕಥೆಯನ್ನು ಹೇಳಿದರು. ತಾವು ಬಾಗಿಲಿಗೆ ಕೈಯಿಟ್ಟದ್ದು, ಕಿಂಡಿಯಷ್ಟು ತೆರೆದದ್ದು, ರೆಕ್ಕೆ ಸರಕ್ಕನೆ ಬಿಚ್ಚಿಕೊಂಡದ್ದು, ಮತ್ತೆ ಮುಚ್ಚಿದ್ದು. ಇದು ಹೆಂಡತಿಗೂ ಗೊತ್ತಿರದ ಸಂಗತಿ ಇರಬೇಕು, ಆಕೆ ಹೇಳಿರಲಿಲ್ಲ. “ಚೆನ್ನಾಗೇ ಬಿಚ್ಚಿಕೊಳ್ತು. ಆದ್ರೆ ಅದನ್ನೂ ಬಾಗಿಲೇ ಎಳೀಬೇಕಿತ್ತು ನೋಡಿ” ಎಂದು ನಗಲು ಹೋದರು. ಆಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು, ಇಸ್ತ್ರಿಯ ಗೆರೆ ಮುದುಡಿಹೋಯಿತು. ತಂಡದ ಹುಡುಗಿ ಮುಖ ಮುಚ್ಚಿಕೊಂಡಳು. ಅತಿಥಿಯೊಬ್ಬರು ಕರವಸ್ತ್ರ ಹುಡುಕಿದರು. ನಿರ್ದೇಶಕರು, ಇನ್ನು ಯಾರೂ ಏನೂ ಕೇಳುವುದು ಬೇಡ, ಎಂದು ಮೆಲ್ಲಗೆ ಹೇಳಿ ಎದ್ದರು.

ಹಾಗಾದರೆ ಉಳಿಸಿದ ಹಾಗಾಯಿತಲ್ಲ, ಆ ಪ್ರಶ್ನೆಯಿಂದ ತಪ್ಪಿಸಿದೆನಲ್ಲ, ಎಂದು ಅವಳ ಮನಸ್ಸು ಕೂಡಲೇ ಒಂದು ಸಮಾಧಾನ ಕಟ್ಟಿಕೊಟ್ಟಿತು. ಅದು ಇಷ್ಟು ಬೇಗ, ಇಷ್ಟು ಸರಾಗವಾಗಿ ಬಂದದ್ದಕ್ಕೇ ಅವಳಿಗೆ ಹೇಸಿಗೆಯಾಯಿತು. ಜನ ಬಂದು ಕೈ ಹಿಡಿದುಕೊಂಡರು. ಇಂಥ ಕೂಟ ಇದುವರೆಗೆ ಆಗಿರಲಿಲ್ಲ ಎಂದರು. ಎಂಥ ಪ್ರಶ್ನೆ ಕೇಳಿದಿರಿ, ಹೆಣ್ಣಿನ ಮನಸ್ಸಿಗೆ ಮಾತ್ರ ಹೊಳೆಯುವಂಥದು, ಎಂದರು ಕರವಸ್ತ್ರದ ಅತಿಥಿ. ವಿಭಾಗ ಹೊರತರುವ ವರ್ಷದ ಪುಸ್ತಕದಲ್ಲಿ ಇದನ್ನು ಹಾಕುವಾಗ ಮೆಟ್ಟಿಲ ಭಾಗ ಬಿಡಲೇಬಾರದು, ಅದೇ ಇದರ ಜೀವ, ಎಂದು ಬೆರಳೆತ್ತಿ ಹೇಳಿದರು. ಅವಳು ಹೂಂಗುಟ್ಟಿದಳು. ಹೊಗಳಿಕೆ ಅವಳ ಕಿವಿಯನ್ನು ಬಿಸಿ ಮಾಡಿತು. ಆ ಬಿಸಿಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಸಂತೋಷವೂ ಇತ್ತು. ಅದನ್ನು ಯಾರಿಗೆ ತೋರಿಸುವುದು, ಯಾರ ಮುಂದೆ ಹೇಳುವುದು.

ಎಲ್ಲರೂ ಹೋದ ಮೇಲೆ ಕುರ್ಚಿ ಎತ್ತಿಡಲು ತಿರುಗಿದರೆ ನಿಧಾನ ಸಾರ್ ಆಗಲೇ ಎತ್ತಿಡುತ್ತಿದ್ದರು. ಬೇಡ, ನಾನು ಮಾಡುತ್ತೇನೆ, ಎಂದಳು. ನಿಮ್ಮ ಮಂಡಿ, ಎಂದು ಅಷ್ಟೇ ಹೇಳಿ ಅವರು ಮುಂದಿನದನ್ನು ಎತ್ತಿದರು. ಇಬ್ಬರೂ ದುಂಡಿನ ಎರಡು ಕಡೆಯಿಂದ ಬಿಚ್ಚುತ್ತ ಬಂದರು. ಕ್ಷಮಿಸಿ ಎಂಬ ಪದ ಅವಳ ಬಾಯಿಯಲ್ಲಿ ಹಲವು ಸಲ ತಿರುಗಿತು. ಪ್ರತಿಸಲವೂ ಅದು ಇನ್ನೊಂದು ಪ್ರಶ್ನೆಯ ಹಾಗೆ, ಅವರಿಂದ ಇನ್ನೊಂದು ಉತ್ತರ ಬೇಡುವ ಹಾಗೆ ಕಂಡು ನುಂಗಿಕೊಂಡಳು. ಅವರ ಮೊಬೈಲು ಹೊಡೆದುಕೊಂಡಿತು. ಹೆಸರು ನೋಡಿ, ಅವಳ ಕಡೆ ನೋಡಿ, ಅಲ್ಲೇ ನಿಂತು ಮಾತಾಡಿದರು.

“ಹ್ಞಾಂ, ಮುಗೀತು... ಚೆನ್ನಾಗೇ ಆಯ್ತು... ಇಲ್ಲ. ಇಲ್ಲ ಕಣೇ, ಯಾರೂ ಏನೂ ಕೇಳ್ಲಿಲ್ಲ. ಅಕ್ಕ ಇದ್ರಲ್ಲ.”

ಅವಳ ಕೈಯಲ್ಲಿ ಒಂದು ಕುರ್ಚಿ ಇತ್ತು. ಅದನ್ನು ಇಡಬೇಕೋ ಹಿಡಿಯಬೇಕೋ ತಿಳಿಯಲಿಲ್ಲ. ಅವರು ಮೊಬೈಲನ್ನು ಅವಳ ಕಡೆ ಚಾಚಿದರು. “ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಂತೆ.” ಅವರ ಮುಖದಲ್ಲಿ ಕುಹಕ ಹುಡುಕಿದಳು. ಒಂದಿಷ್ಟು ಸಿಕ್ಕಿದ್ದರೂ ಉಸಿರಾಡಬಹುದಿತ್ತು. ಇರಲಿಲ್ಲ. ಹೆಂಡತಿ ಹೇಳಿದ್ದು ತನಗೆ ಗೊತ್ತಾಗಿದೆ ಎಂಬುದು ಆಕೆಗೆ ಎಂದೂ ತಿಳಿಯಬಾರದು, ಅಷ್ಟೇ ಆ ಮುಖದಲ್ಲಿ ಇದ್ದದ್ದು. ಅದಕ್ಕೆ ಅವಳೂ ಜೊತೆಯಾಗಬೇಕಿತ್ತು.

ಆ ಕಡೆಯಿಂದ ನಲ್ಲಿಯ ಸದ್ದಿಲ್ಲದ ತಿಳಿಯಾದ ದನಿ ಬಂತು. ನೀವು ಮಾತು ಉಳಿಸಿಕೊಂಡಿರಿ ಅಕ್ಕಾ, ಎಂದು. ಬೆಳಿಗ್ಗೆಯಿಂದ ನನಗೆ ಕೈಕಾಲು ಆಡಿರಲಿಲ್ಲ, ಈಗ ಹೊಟ್ಟೆಗೆ ಏನಾದರೂ ಇಳಿಯುತ್ತದೆ, ಎಂದು. ಭಾನುವಾರ ಮನೆಗೆ ಬರಬೇಕು, ಮಗಳಿಗೂ ನಿಮ್ಮ ಬಗ್ಗೆ ಹೇಳಿದ್ದೇನೆ, ಎಂದು. ಅವಳು ಹೂಂ, ಹೂಂ ಎನ್ನುತ್ತಲೇ ಇದ್ದಳು. ಭಾನುವಾರ ಖಂಡಿತ ಬರ್ತೀರಿ ತಾನೇ ಎಂದು ಆಕೆ ಕೇಳಿದಾಗ, “ಬರ್ತೀನಮ್ಮ” ಎಂದಳು. ದನಿ ಈ ಸಲವೂ ಸಲೀಸಾಗಿ ಬಂತು.

ಮಾತಾಡುತ್ತಿರುವಾಗಲೇ ನಿಧಾನ ಸಾರ್ ಬಂದು, ಅವಳ ಇನ್ನೊಂದು ಕೈಯಲ್ಲಿ ಹಾಗೇ ಉಳಿದಿದ್ದ ಕುರ್ಚಿಯನ್ನು ಮೆಲ್ಲಗೆ ಬಿಡಿಸಿಕೊಂಡು ಹೋಗಿ, ಪೇರಿಸಿದ್ದರ ಮೇಲೆ ಜಾಗ ನೋಡಿ ಸದ್ದಾಗದ ಹಾಗೆ ಇಟ್ಟರು.